ಒಂದು ಊರು, ಹಲವು ಮೇಲ್ಘಟಕಗಳು: ಬಳ್ಳಾರಿ, ಸಿರುಗುಪ್ಪ, ಕುರುಗೋಡು ಪರಿಸರದ ಸ್ಥಳನಾಮಗಳ ಭೌಗೋಳಿಕ ಶ್ರೇಣೀಕರಣ ಮತ್ತು ಆನ್‌ಲೈನ್ ದತ್ತಾಂಶ ಸೇವೆಗಳು

ಸಾರಾಂಶ

ಉಪಭಾಷಾ ಸಮೀಕ್ಷೆ, ಶಾಸನ ಪಾಠಗಳು ಮತ್ತು ಜಾನಪದ ಸಂಗ್ರಹಗಳಲ್ಲಿ ಬರುವ ಸ್ಥಳನಾಮಗಳನ್ನು ಗ್ರಾಮ, ತಾಲೂಕು, ಜಿಲ್ಲೆ, ರಾಜ್ಯ ಎಂಬ ಶ್ರೇಣಿಯಲ್ಲಿ ಹೊಂದಿಸಲು ಸಂಶೋಧಕರು ಇಂದು ಜಿಯೋನೇಮ್ಸ್, ವಿಕಿಡೇಟಾ, ಓಪನ್‌ಸ್ಟ್ರೀಟ್‌ಮ್ಯಾಪ್ ಮೊದಲಾದ ಸೇವೆಗಳನ್ನು ಅವಲಂಬಿಸುತ್ತಿದ್ದಾರೆ. ಒಂದು ಸ್ಥಳ ಇನ್ನೊಂದರ 'ಒಳಗಿದೆ' ಎಂಬ ಹೇಳಿಕೆಗೆ ಈ ಸೇವೆಗಳು ಬೇರೆ ಬೇರೆ ಅರ್ಥ ಕೊಡುತ್ತವೆ. ಗಡಿಗಳು ಮತ್ತೆ ಮತ್ತೆ ಬದಲಾದ ಬಳ್ಳಾರಿ ಪರಿಸರವನ್ನು ನಿದರ್ಶನವಾಗಿ ಇಟ್ಟುಕೊಂಡು, ಮೇಲ್ಘಟಕವನ್ನು ಊರಿನ ಸ್ಥಿರ ಲಕ್ಷಣವೆಂದು ಭಾವಿಸದೆ ಕಾಲಬದ್ಧ ಹೇಳಿಕೆಯಾಗಿ ದಾಖಲಿಸಬೇಕೆಂದು ಈ ಲೇಖನದಲ್ಲಿ ವಾದಿಸುತ್ತೇವೆ.

ಪ್ರಮುಖ ಪದಗಳು: ಸ್ಥಳನಾಮ, ಶ್ರೇಣೀಕರಣ, ಗೆಜೆಟಿಯರ್, ವಾರ್ಗಿಕ, ಉಪಭಾಷಾ ಭೂಗೋಳ

1. ಆಲೂರಿನ ಪ್ರಶ್ನೆ

'ಆಲೂರು ತಾಲೂಕು, ಬಳ್ಳಾರಿ ಜಿಲ್ಲೆ' ಎಂಬ ನಮೂದುಳ್ಳ ಹಳೆಯ ಸಂಗ್ರಹವೊಂದನ್ನು ಸಂಶೋಧನಾರ್ಥಿಯೊಬ್ಬರು ಗಣಕಕ್ಕೆ ಏರಿಸುತ್ತಿದ್ದಾರೆಂದು ಭಾವಿಸೋಣ. ಬಳ್ಳಾರಿ ಕರ್ನಾಟಕದಲ್ಲಿದೆ, ಆದ್ದರಿಂದ ರಾಜ್ಯದ ಕಾಲಂನಲ್ಲಿ 'ಕರ್ನಾಟಕ' ಎಂದು ತುಂಬುತ್ತಾರೆ. ಆ ಬಳಿಕ 'ಆಲೂರು, ಕರ್ನಾಟಕ' ಎಂದು ಯಾವುದೇ ಸೇವೆಯಲ್ಲಿ ಹುಡುಕಿದರೆ ಸಹಜವಾಗಿಯೇ ಹಾಸನ ಜಿಲ್ಲೆಯ ಆಲೂರು ದೊರೆಯುತ್ತದೆ. ಅದೂ ತಾಲೂಕು ಕೇಂದ್ರವೇ ಆಗಿರುವುದರಿಂದ ಅನುಮಾನಕ್ಕೆ ಎಡೆಯಿಲ್ಲ. ಆದರೆ ಮೂಲ ನಮೂದಿನ ಆಲೂರು ಇಂದು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯಲ್ಲಿದೆ. ಅದು ಬಳ್ಳಾರಿ ನಗರದಿಂದ ನೇರ ಅಂತರದಲ್ಲಿ ಐವತ್ತು ಕಿಲೋಮೀಟರಿಗಿಂತ ಹತ್ತಿರ. ಹಾಸನದ ಆಲೂರಿನಿಂದ ಸುಮಾರು 300 ಕಿಲೋಮೀಟರು ದೂರ.

ತಪ್ಪು ಇಲ್ಲಿಗೇ ಮುಗಿಯುವುದಿಲ್ಲ. ಕನ್ನಡ ತೆಲುಗುಗಳು ಒಂದರೊಳಗೊಂದು ಬೆರೆತಿರುವ ಪ್ರದೇಶದ ಮಾತಿನ ಮಾದರಿಯೊಂದು ನಕ್ಷೆಯ ಮೇಲೆ ಮಲೆನಾಡಿನ ಅಂಚಿಗೆ ಬಂದು ಕುಳಿತರೆ, ಅದನ್ನು ಆಧರಿಸಿ ಎಳೆದ ಸಮಭಾಷಾ ರೇಖೆಯೂ ಅತ್ತ ವಾಲುತ್ತದೆ. ಒಂದು ಬಿಂದು ಇಷ್ಟು ದೂರ ಸರಿದರೆ ಕಣ್ಣಿಗೆ ಬೀಳಬಹುದು. ಗಡಿಯ ಆಚೆಯದು ಈಚೆಗೆ, ಈಚೆಯದು ಆಚೆಗೆ ಹತ್ತಿಪ್ಪತ್ತು ಕಿಲೋಮೀಟರಿನಷ್ಟು ಸರಿದಾಗ ಯಾರ ಕಣ್ಣಿಗೂ ಬೀಳದು. ಬಳ್ಳಾರಿ ಜಿಲ್ಲೆಯಲ್ಲಿ ಎಮ್ಮಿಗನೂರು ಎಂಬ ಊರಿದೆ, ಕರ್ನೂಲು ಜಿಲ್ಲೆಯಲ್ಲಿಯೂ ಎಮ್ಮಿಗನೂರು ಇದೆ; ಎರಡೂ ತುಂಗಭದ್ರೆಯ ದಕ್ಷಿಣಕ್ಕಿವೆ. ದ್ವಿಭಾಷಿಕತೆಯ ಅಧ್ಯಯನದಲ್ಲಿ ಇಂಥ ಜೋಡಿಯನ್ನು ಅದಲುಬದಲು ಮಾಡಿದರೆ ಫಲಿತಾಂಶವೇ ತಲೆಕೆಳಗಾಗಬಹುದು.

ಸ್ಥಳನಾಮಗಳನ್ನು ಕನ್ನಡದ ಹರವಿನ ಸಾಕ್ಷ್ಯವಾಗಿ ಓದುವ ಪರಂಪರೆ ನಮ್ಮಲ್ಲಿ ಹೊಸದೇನಲ್ಲ. ಶಂ.ಬಾ. ಜೋಶಿಯವರ 'ಎಡೆಗಳು ಹೇಳುವ ಕಂನಾಡ ಕಥೆ' ಈ ದಾರಿಯ ಮೊದಲ ಹೆಜ್ಜೆಗಳಲ್ಲೊಂದು. ಅಂದು ವಿದ್ವಾಂಸರು ಊರನ್ನು ಕಣ್ಣಾರೆ ಕಂಡೋ ನಕ್ಷೆಯ ಮೇಲೆ ಬೆರಳಿಟ್ಟೋ ಗುರುತಿಸುತ್ತಿದ್ದರು. ಇಂದು ಆ ಕೆಲಸ ಯಂತ್ರದ ಪಾಲಿಗೆ ಹೋಗಿದೆ. ಆದ್ದರಿಂದ ಯಂತ್ರವು ಯಾವ ಅರ್ಥದಲ್ಲಿ 'ಒಳಗಿದೆ' ಎನ್ನುತ್ತದೆಂಬುದನ್ನು ತಿಳಿಯುವುದು ಭಾಷಾಶಾಸ್ತ್ರಜ್ಞರ ಹೊಣೆಯೂ ಹೌದು.

2. 'ಬಳ್ಳಾರಿ ಜಿಲ್ಲೆ' ಎಂದರೆ ಯಾವುದು?

1800ರಲ್ಲಿ ನಿಜಾಮರು ಬಿಟ್ಟುಕೊಟ್ಟ ಸೀಮೆಯ ಭಾಗವಾಗಿ ಬಳ್ಳಾರಿ ಮದ್ರಾಸ್ ಪ್ರಾಂತಕ್ಕೆ ಸೇರಿತು. ಜಿಲ್ಲೆಯ ನಡುವೆಯೇ ಇದ್ದ ಸಂಡೂರು ಸಂಸ್ಥಾನ 1949ರವರೆಗೆ ಪ್ರತ್ಯೇಕವಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಸ್ಥಾಪನೆಯಾದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋಗಿ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂತು. ಹರಪನಹಳ್ಳಿ 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಸಿಕೊಂಡ ವಿಜಯನಗರ ಜಿಲ್ಲೆಯ ಪಾಲಾಯಿತು. ಈಗ ಬಳ್ಳಾರಿ ಜಿಲ್ಲೆಯಲ್ಲಿ ಉಳಿದಿರುವುದು ಬಳ್ಳಾರಿ, ಸಿರುಗುಪ್ಪ, ಸಂಡೂರು, ಕುರುಗೋಡು, ಕಂಪ್ಲಿ ತಾಲೂಕುಗಳು. ಇವುಗಳಲ್ಲಿ ಕೊನೆಯ ಎರಡು 2017-18ರ ರಾಜ್ಯ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲೂಕುಗಳು. 2011ರ ಜನಗಣತಿಯ ಕಾಲಕ್ಕೆ ಜಿಲ್ಲೆಯಲ್ಲಿದ್ದ ಏಳು ತಾಲೂಕುಗಳ ಪಟ್ಟಿಯಲ್ಲಿ ಅವುಗಳ ಹೆಸರಿಲ್ಲ. ಆಗ ಕುರುಗೋಡು ಬಳ್ಳಾರಿ ತಾಲೂಕಿಗೆ ಸೇರಿತ್ತು.

ಹೀಗೆ 'ಬಳ್ಳಾರಿ ಜಿಲ್ಲೆ' ಎಂಬ ಒಂದೇ ಸೂಚಕಕ್ಕೆ ಕಾಲಕಾಲಕ್ಕೆ ಬೇರೆ ಬೇರೆ ಸೂಚಿತಗಳಿವೆ. ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆಯ ದ್ರಾವಿಡ ಭಾಷೆಗಳನ್ನು ಒಳಗೊಂಡ ನಾಲ್ಕನೆಯ ಸಂಪುಟ ಪ್ರಕಟವಾದದ್ದು 1906ರಲ್ಲಿ. ಮದ್ರಾಸ್ ಪ್ರಾಂತವು ಆ ಸಮೀಕ್ಷೆಯ ನೇರ ವ್ಯಾಪ್ತಿಯಲ್ಲಿರಲಿಲ್ಲವಾದ್ದರಿಂದ ಅಲ್ಲಿಯ ಭಾಷಿಕರ ಸಂಖ್ಯೆಗಳನ್ನು ಜನಗಣತಿಯಿಂದ ತೆಗೆದುಕೊಳ್ಳಲಾಗಿತ್ತು. ಆ ಕಾಲದ ಬಳ್ಳಾರಿ ಎಂದರೆ ಆದವಾನಿ, ಆಲೂರು, ರಾಯದುರ್ಗಗಳನ್ನೂ ಒಳಗೊಂಡ ಬಳ್ಳಾರಿ. ಆ ಸಂಖ್ಯೆಯನ್ನು ಇಂದಿನ ಜಿಲ್ಲೆಯ ಗಡಿರೇಖೆಯೊಳಗೆ ಬಣ್ಣ ತುಂಬಿ ತೋರಿಸುವ ನಕ್ಷೆ, ಎಷ್ಟೇ ಅಂದವಾಗಿದ್ದರೂ, ಸುಳ್ಳು ಹೇಳುತ್ತದೆ. ಇದಕ್ಕಿಂತ ಸಣ್ಣ ತೊಡಕು ನಮಗೆ ಇನ್ನೂ ಹತ್ತಿರದ್ದು: 2021ಕ್ಕೆ ಹಿಂದಿನ ಪ್ರಕಟಣೆಗಳಲ್ಲಿ ಹಂಪಿ ಬಳ್ಳಾರಿ ಜಿಲ್ಲೆಯಲ್ಲಿದೆ. ಇತ್ತ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇರುವುದು ವಿಜಯನಗರ ಜಿಲ್ಲೆಯಲ್ಲಲ್ಲ, ಬಳ್ಳಾರಿಯಲ್ಲಿ!

3. ಸೇವೆಗಳು 'ಒಳಗಿದೆ' ಎಂದು ಹೇಳುವ ಬಗೆ

ಜಿಯೋನೇಮ್ಸ್‌ನಲ್ಲಿ ಪ್ರತಿ ಸ್ಥಳಕ್ಕೂ ಒಂದು ಸಂಖ್ಯೆಯಿದೆ. ಜೊತೆಗೆ ಅದು ಜನವಸತಿಯೇ, ಆಡಳಿತ ವಿಭಾಗವೇ ಎಂಬುದನ್ನು ಸೂಚಿಸುವ ಲಕ್ಷಣಸಂಕೇತವಿದೆ. ಆಡಳಿತ ವಿಭಾಗಗಳು ಎಡಿಎಂ1ರಿಂದ ಕೆಳಗಿಳಿಯುತ್ತವೆ: ಭಾರತದ ಮಟ್ಟಿಗೆ ಮೊದಲನೆಯದು ರಾಜ್ಯ, ಎರಡನೆಯದು ಜಿಲ್ಲೆ, ಮೂರನೆಯದು ತಾಲೂಕು. 'ಹೈರಾರ್ಕಿ' ಎಂಬ ಸೇವೆಗೆ ಸ್ಥಳಸಂಖ್ಯೆಯನ್ನು ಕೊಟ್ಟರೆ ಭೂಮಿ, ಏಷ್ಯಾ, ಭಾರತ, ಕರ್ನಾಟಕ ಎಂದು ಮೇಲಿನಿಂದ ಕೆಳಗಿನ ಸರಪಳಿಯನ್ನು ಅದು ಹಿಂತಿರುಗಿಸುತ್ತದೆ. ಬಳ್ಳಾರಿ ನಗರಕ್ಕೂ ಬಳ್ಳಾರಿ ಜಿಲ್ಲೆಗೂ ಬೇರೆ ಬೇರೆ ಸಂಖ್ಯೆಗಳಿರುವುದು ದೊಡ್ಡ ಅನುಕೂಲ, ಬಳಸುವವರು ಆ ವ್ಯತ್ಯಾಸವನ್ನು ಗಮನಿಸಿದರೆ. ನಮಗೆ ಮುಖ್ಯವಾಗಿ ಕಾಣುವುದು ಈ ಸೇವೆಯ ಒಂದು ಅಸಮತೋಲನ. ಪರ್ಯಾಯ ಹೆಸರುಗಳ ಕೋಷ್ಟಕದಲ್ಲಿ ಭಾಷಾ ಸಂಕೇತ, ಐತಿಹಾಸಿಕ ಹೆಸರೇ ಎಂಬ ಗುರುತು, ಬಳಕೆಯ ಆರಂಭ ಮತ್ತು ಅಂತ್ಯದ ಕಾಲ ಇವಿಷ್ಟಕ್ಕೂ ಜಾಗವಿದೆ. ಸ್ಥಳದ ಮೇಲ್ಘಟಕ ಸಂಕೇತಕ್ಕೆ ಅಂಥ ಕಾಲಸೂಚಿ ಇಲ್ಲ. ಹೆಸರಿಗೆ ಚರಿತ್ರೆಯಿದೆ, ಸ್ಥಾನಕ್ಕೆ ವರ್ತಮಾನ ಮಾತ್ರ.

ಓಪನ್‌ಸ್ಟ್ರೀಟ್‌ಮ್ಯಾಪ್‌ನ ದಾರಿ ಬೇರೆ. ಅಲ್ಲಿ ಊರು ಯಾವ ತಾಲೂಕಿಗೆ ಸೇರಿದೆಯೆಂದು ಯಾರೂ ಬರೆದಿಡಬೇಕಾಗಿಲ್ಲ. ಗಡಿಗಳನ್ನು ಆಡಳಿತಮಟ್ಟದ ಅಂಕಿಯೊಡನೆ ಎಳೆಯಲಾಗುತ್ತದೆ. ಭಾರತದಲ್ಲಿ ರಾಜ್ಯಕ್ಕೆ 4, ಜಿಲ್ಲೆಗೆ 5, ತಾಲೂಕಿಗೆ 6. ಊರಿನ ಬಿಂದು ಯಾವ ಗಡಿಯೊಳಗೆ ಬೀಳುತ್ತದೋ ಅದರ ಆಧಾರದಿಂದ ನಾಮಿನಾಟಿಮ್ ಎಂಬ ಹುಡುಕು ಸೇವೆಯು ಶ್ರೇಣಿಯನ್ನು ಲೆಕ್ಕ ಹಾಕುತ್ತದೆ. ಗಡಿ ಸರಿಯಾಗಿ ತಿದ್ದಿದ ದಿನ ಅದರೊಳಗಿನ ಎಲ್ಲ ಊರುಗಳೂ ಒಮ್ಮೆಗೇ ಹೊಸ ತಾಲೂಕಿಗೆ ಸೇರಿಬಿಡುತ್ತವೆ. ಕುರುಗೋಡಿನಂಥ ಹೊಸ ತಾಲೂಕಿನ ಸಂದರ್ಭದಲ್ಲಿ ಇದು ವರವೂ ಹೌದು, ಶಾಪವೂ ಹೌದು. ನಿನ್ನೆ ಪಡೆದ ಉತ್ತರ ಇಂದು ಬದಲಾಗಿರುತ್ತದೆ; ಪ್ರಬಂಧದಲ್ಲಿ ಸೇರಿಸಿದ ಕೋಷ್ಟಕವನ್ನು ಮತ್ತೊಬ್ಬರು ಪರೀಕ್ಷಿಸಲು ಹೊರಟರೆ ತಾಳೆಯಾಗುವುದಿಲ್ಲ. ದತ್ತಾಂಶವನ್ನು ಪಡೆದ ದಿನಾಂಕವನ್ನು ನಮೂದಿಸಬೇಕೆಂದು ನಾವು ಒತ್ತಾಯಿಸುವುದು ಇದೇ ಕಾರಣಕ್ಕೆ.

ವಿಕಿಡೇಟಾದಲ್ಲಿ ಸಂಬಂಧವು ಒಂದು ಹೇಳಿಕೆ. 'ಯಾವ ಆಡಳಿತ ಘಟಕದಲ್ಲಿದೆ' ಎಂಬ ಗುಣಲಕ್ಷಣಕ್ಕೆ (ಪಿ131) ಒಂದೇ ಊರಿನ ಪುಟದಲ್ಲಿ ಎರಡು ಮೂರು ಮೌಲ್ಯಗಳನ್ನು ಕೊಡಬಹುದು. ಪ್ರತಿಯೊಂದಕ್ಕೂ ಆರಂಭಕಾಲ (ಪಿ580), ಅಂತ್ಯಕಾಲ (ಪಿ582) ಮತ್ತು ಆಧಾರವನ್ನು ಜೋಡಿಸಬಹುದು. ಹರಪನಹಳ್ಳಿಯ ಮೂರು ಸ್ಥಾನಾಂತರಗಳನ್ನು ಯಥಾವತ್ತಾಗಿ ಹೇಳಬಲ್ಲ ಸೇವೆ ಇದು. ಆದರೆ ಕೇಳುವ ಬಗೆ ತಪ್ಪಿದರೆ ಈ ಸಂಪತ್ತು ಕೈಗೆ ಸಿಗದು. ಸ್ಪಾರ್ಕಲ್ ಭಾಷೆಯ ಸರಳ ಪ್ರಶ್ನೆಯು ಅತ್ಯುಚ್ಚ ದರ್ಜೆಯ ಹೇಳಿಕೆಯನ್ನು ಮಾತ್ರ ಕಾಣುತ್ತದೆ. ಹೊಸ ಜಿಲ್ಲೆಗೆ 'ಆದ್ಯತೆ'ಯ ದರ್ಜೆ ಕೊಟ್ಟಿದ್ದರೆ ಹಳೆಯದು ಮಾಯವಾಗುತ್ತದೆ. ಎಲ್ಲವೂ 'ಸಾಮಾನ್ಯ' ದರ್ಜೆಯಲ್ಲಿದ್ದರೆ ಅವಧಿ ಮುಗಿದದ್ದೂ ಚಾಲ್ತಿಯಲ್ಲಿರುವುದೂ ಒಟ್ಟಿಗೆ ಬರುತ್ತವೆ. ಇನ್ನು ಪಿ131ನ್ನು ಎಷ್ಟು ಮೆಟ್ಟಿಲಿದ್ದರೂ ಹತ್ತುವಂತೆ ಬರೆಯುವ ಜನಪ್ರಿಯ ಪ್ರಶ್ನಾವಿಧಾನ ನಡುವಿನ ಮೆಟ್ಟಿಲುಗಳ ಕಾಲಸೂಚಿಗಳನ್ನು ಪರಿಶೀಲಿಸಲಾರದು. ನಮ್ಮ ಶ್ರೇಣಿಯಲ್ಲಿ ಇರುವುದು ಮೂರು ನಾಲ್ಕು ಮೆಟ್ಟಿಲು ಮಾತ್ರ. ಆದ್ದರಿಂದ ಗ್ರಾಮದಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ ಎಂದು ಒಂದೊಂದನ್ನೂ ಬಿಡಿಸಿ ಬರೆದು, ಪ್ರತಿ ಹಂತದಲ್ಲಿಯೂ ಕಾಲವನ್ನು ಕೇಳುವುದೇ ಲೇಸು. ಪ್ರಶ್ನೆ ಉದ್ದವಾಗುತ್ತದೆ, ಉತ್ತರ ನಿಜವಾಗುತ್ತದೆ.

ಭಾರತ ಸರ್ಕಾರದ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ನಿರ್ದೇಶಿಕೆಯು (ಎಲ್‌ಜಿಡಿ) ಕಾನೂನಿನ ಶ್ರೇಣಿಯನ್ನು ಕೊಡುತ್ತದೆ, ಅದೂ ಎರಡು ಮರಗಳಾಗಿ: ಕಂದಾಯದ ಮರದಲ್ಲಿ ಜಿಲ್ಲೆ, ತಾಲೂಕು, ಗ್ರಾಮ, ಪಂಚಾಯತಿಯ ಮರದಲ್ಲಿ ಜಿಲ್ಲಾ, ತಾಲೂಕು, ಗ್ರಾಮ ಪಂಚಾಯತಿ. ಸಂಕೇತಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಕರ್ನಾಟಕಕ್ಕೆ ಈ ನಿರ್ದೇಶಿಕೆಯಲ್ಲಿಯೂ 2011ರ ಜನಗಣತಿಯಲ್ಲಿಯೂ 29, ಜಿಯೋನೇಮ್ಸ್‌ನಲ್ಲಿ 19, ಅಂತರರಾಷ್ಟ್ರೀಯ ಮಾನಕದಲ್ಲಿ ಕೆಎ. ಬರಿಯ ಸಂಖ್ಯೆಯನ್ನು ಬರೆದು ಅದು ಯಾವ ಪದ್ಧತಿಯದೆಂದು ಹೇಳದಿದ್ದರೆ ಆ ಕೋಷ್ಟಕದಿಂದ ಪ್ರಯೋಜನವಿಲ್ಲ.

4. ಶಾಸನಗಳ ವ್ಯಾಕರಣ

ಈ ಅರ್ಥಭೇದಗಳು ಗಣಕದೊಡನೆ ಹುಟ್ಟಿದವಲ್ಲ. ಕುರುಗೋಡನ್ನು ರಾಜಧಾನಿಯಾಗಿ ಮಾಡಿಕೊಂಡು ಸಿಂದ ಮನೆತನದವರು ಆಳಿದ ನಾಡಿಗೆ ಬಳ್ಳಕುಂದೆ 300 ಎಂದು ಹೆಸರು. ಇತ್ತ ಸಿಂದವಾಡಿ 1000, ಅತ್ತ ನೊಳಂಬವಾಡಿ 32000. ಈ ಸಂಖ್ಯೆಗಳು ಗ್ರಾಮಗಳವೋ ಆದಾಯದವೋ ಎಂಬ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ನಮ್ಮ ಕುತೂಹಲ ಇರುವುದು ಶಾಸನದ ಭಾಷೆ ಊರನ್ನು ನಾಡಿಗೆ ಕಟ್ಟುವ ರೀತಿಯಲ್ಲಿ. ಕನ್ನಡ ಶಾಸನಗಳು 'ಒಳಗಣ' ಎನ್ನುತ್ತವೆ, 'ಬಳಿಯ ಬಾಡ' ಎಂದೂ ಎನ್ನುತ್ತವೆ. ಮೊದಲನೆಯದು ವ್ಯಾಪ್ತಿಯ ಮಾತು: ಈ ಕಂಪಣ ಆ ನಾಡಿನ ಒಡಲಲ್ಲಿದೆ. ಎರಡನೆಯದು ಅಧೀನತೆಯ ಮಾತು: ಈ ಬಾಡ ಆ ಘಟಕಕ್ಕೆ ಹೊಂದಿಕೊಂಡದ್ದು, ಅದರ ಲೆಕ್ಕಕ್ಕೆ ಸೇರಿದ್ದು. ಎರಡೂ ಸೂತ್ರಗಳು ಎಲ್ಲೆಡೆಯೂ ಇಷ್ಟು ಕಟ್ಟುನಿಟ್ಟಾಗಿ ಬಳಕೆಯಾಗಿವೆಯೆಂದು ನಾವು ಹೇಳುವುದಿಲ್ಲ. ಆದರೂ ಶಾಸನಪಾಠವನ್ನು ದತ್ತಾಂಶವಾಗಿಸುವವರು ಇವೆರಡನ್ನೂ ಒಂದೇ ಕಾಲಂಗೆ ಸುರಿದರೆ ಪಾಠದಲ್ಲಿದ್ದ ಭೇದವೊಂದನ್ನು ಅಳಿಸಿದಂತಾಗುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ 'ಒಳಗಣ' ಎನ್ನುವ ಸೇವೆ. ಎಲ್‌ಜಿಡಿ 'ಬಳಿಯ' ಎನ್ನುವ ಸೇವೆ ಎಂದು ನಾವು ತರಗತಿಯಲ್ಲಿ ಹಾಸ್ಯಕ್ಕೆ ಹೇಳುವುದುಂಟು.

ಇಂದಿನ ಆಡುಮಾತಿನಲ್ಲಿ ಮೂರನೆಯದೊಂದು ಸಂಬಂಧವಿದೆ. 'ನಮ್ದು ಬಳ್ಳಾರಿ ಕಡೆ' ಎಂದು ವಕ್ತೃ ಹೇಳಿದರೆ ಅದು ವ್ಯಾಪ್ತಿಯೂ ಅಲ್ಲ, ಅಧೀನತೆಯೂ ಅಲ್ಲ; ದಿಕ್ಕು ಮತ್ತು ಒಡನಾಟ. ಸಿರುಗುಪ್ಪ ತಾಲೂಕಿನವರೂ ಹಾಗೆ ಹೇಳಬಹುದು, ಗಡಿಯಾಚೆಯವರೂ ಹೇಳಬಹುದು. ಆ ಉತ್ತರವನ್ನು ಬಳ್ಳಾರಿ ನಗರದ ಸಂಖ್ಯೆಗೆ ಕಟ್ಟಿದರೆ ಹಳ್ಳಿಯ ಮಾತು ಮಹಾನಗರ ಪಾಲಿಕೆಯ ಲೆಕ್ಕಕ್ಕೆ ಹೋಗುತ್ತದೆ. ನಗರ, ತಾಲೂಕು, ಜಿಲ್ಲೆ ಮೂರಕ್ಕೂ ಒಂದೇ ಹೆಸರಿರುವಲ್ಲಿ, ಖಚಿತವಾಗಿ ತಿಳಿಯದಿದ್ದರೆ ಜಿಲ್ಲೆಗೆ ಕಟ್ಟಿ 'ಸುತ್ತಿನ' ಎಂದು ಗುರುತು ಹಾಕುವುದು ಪ್ರಾಮಾಣಿಕ ಕ್ರಮ.

ಪದಕ್ರಮವೂ ಗಮನಾರ್ಹ. ಕನ್ನಡವು 'ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲೂಕಿನ ನಿಟ್ಟೂರು' ಎಂದು ಷಷ್ಠಿಯ ಸರಪಳಿಯಲ್ಲಿ ಹಿರಿದರಿಂದ ಕಿರಿದಕ್ಕೆ ಇಳಿಯುತ್ತದೆ. ಇಂಗ್ಲಿಷ್ ವಿಳಾಸವು ಅಲ್ಪವಿರಾಮಗಳಲ್ಲಿ ಕಿರಿದರಿಂದ ಹಿರಿದಕ್ಕೆ ಏರುತ್ತದೆ. ಇಂಗ್ಲಿಷ್ ಕ್ರಮಕ್ಕೆ ಒಗ್ಗಿದ ವಿಶ್ಲೇಷಕ ತಂತ್ರಾಂಶಕ್ಕೆ ಕನ್ನಡ ವಾಕ್ಯವನ್ನು ಕೊಟ್ಟರೆ ಅದು ಮೊದಲು ಕಂಡ 'ಬಳ್ಳಾರಿ'ಯನ್ನೇ ಊರೆಂದು ಹಿಡಿಯುತ್ತದೆ. ಅಶೋಕನ ಶಾಸನ ದೊರೆತ ನಿಟ್ಟೂರಿಗೆ ಹೆಸರಿನ ಪಾಲುದಾರರೂ ಇದ್ದಾರೆ: ಗುಬ್ಬಿಯ ಬಳಿ ಒಂದು, ಹೊಸನಗರ ತಾಲೂಕಿನಲ್ಲೊಂದು. ಷಷ್ಠಿ ವಿಭಕ್ತಿಯನ್ನು ಓದಬಲ್ಲ ಒಂದು ಸಣ್ಣ ನಿಯಮ ಇಲ್ಲಿ ದೊಡ್ಡ ಯಂತ್ರಕ್ಕಿಂತ ಹೆಚ್ಚು ಉಪಕಾರಿ.

5. ಲಿಪಿಯಲ್ಲಿ ಕಳೆದುಹೋಗುವುದು

2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಹೆಸರು ಬದಲಾದಾಗ ಬಳ್ಳಾರಿಯ ಕನ್ನಡ ಹೆಸರು ಬದಲಾಗಲಿಲ್ಲ. ಬದಲಾದದ್ದು ಅದರ ರೋಮನ್ ಬರಹ. ಹೀಗಿರುವಾಗ 'ಬೆಲ್ಲರಿ' ಎಂಬುದನ್ನು ಕನ್ನಡ ಭಾಷೆಯ ಹಳೆಯ ಹೆಸರೆಂದು ದಾಖಲಿಸುವುದು ತಪ್ಪು. ಅದು ಇಂಗ್ಲಿಷಿನ ಹಳೆಯ ರೂಪ. ರೋಮನ್ ರೂಪವನ್ನೇ ಮೂಲವೆಂದು ತಿಳಿದು ಯಂತ್ರದಿಂದ ಮರಳಿ ಕನ್ನಡಕ್ಕೆ ತಂದರೆ ಇನ್ನೊಂದು ಹಾನಿ. ಸಾಮಾನ್ಯ ರೋಮನ್ ಬರಹದಲ್ಲಿ ಡಕಾರ ದಕಾರಗಳಿಗೆ, ಳಕಾರ ಲಕಾರಗಳಿಗೆ, ಹ್ರಸ್ವ ದೀರ್ಘಗಳಿಗೆ ಭೇದವಿಲ್ಲ. ಕುರುಗೋಡು 'ಕುರುಗೊದು' ಆಗುತ್ತದೆ. ಉತ್ತರಪದವನ್ನು ಕೋಡು ಎಂಬ ವಾರ್ಗಿಕವೆಂದು ಕೊಂಡು, ಸಮಾಸದಲ್ಲಿ ಕಕಾರಕ್ಕೆ ಗಕಾರ ಆದೇಶವಾದದ್ದನ್ನು ತೋರಿಸಹೊರಟವರಿಗೆ ಉಳಿಯುವುದು ಅರ್ಥವಿಲ್ಲದ ಅಕ್ಷರಗಳು.

ಕನ್ನಡದಲ್ಲಿಯೇ ಬರೆದರೂ ತೊಡಕು ತಪ್ಪದು. ಯೂನಿಕೋಡ್‌ನಲ್ಲಿ ಓಕಾರದ ಸ್ವರಚಿಹ್ನೆಯನ್ನು ಒಂದೇ ಸಂಕೇತಬಿಂದುವಾಗಿಯೂ, ಬಿಡಿಸಿದ ಮೂರು ಬಿಂದುಗಳಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ ಆಗಿ ಕಾಣುವ 'ಕುರುಗೋಡು' ಒಂದು ಕಡತದಲ್ಲಿ ಎಂಟು ಬಿಂದುಗಳದ್ದು, ಇನ್ನೊಂದರಲ್ಲಿ ಹತ್ತರದ್ದು. ಹೋಲಿಕೆಯಲ್ಲಿ ಎರಡೂ ಬೇರೆ ಬೇರೆ. ಎಲ್ಲ ಹೆಸರುಗಳನ್ನೂ ಮೊದಲು ಒಂದೇ ಸಾಮಾನ್ಯೀಕೃತ ರೂಪಕ್ಕೆ ತರದೆ ಯಾವ ಹೊಂದಾಣಿಕೆಯನ್ನೂ ಆರಂಭಿಸಬಾರದು. ಇದು ಗೌಣ ಸಂಗತಿಯೆಂದು ತೋರುತ್ತದೆ, ಆದರೆ ದಿನಗಟ್ಟಲೆ ಕೆಲಸ ಕೆಡಿಸುವುದು ಇಂಥವೇ. ಅಂತರದ ಲೆಕ್ಕವನ್ನೂ ಬಿಂದುಗಳಲ್ಲಿ ಮಾಡದೆ ಅಕ್ಷರಗಳಲ್ಲಿ ಮಾಡುವುದು ಉಚಿತ. 'ಬಳ್ಳಾರಿ'ಗೂ 'ಬಲ್ಲಾರಿ'ಗೂ ಬಿಂದುಗಳಲ್ಲಿ ಎರಡು ಭೇದ, ಅಕ್ಷರದಲ್ಲಿ ಒಂದೇ.

ಸಿರುಗುಪ್ಪದ ವಿಷಯದಲ್ಲಿ ಮಾತ್ರ ನಾವು ಸಾಮಾನ್ಯೀಕರಣಕ್ಕೆ ವಿರುದ್ಧ. ಸಿರುಗುಪ್ಪ, ಸಿರಗುಪ್ಪ, ಸಿರಿಗುಪ್ಪ ಎಂಬ ರೂಪಗಳು ಬರಹದಲ್ಲಿ ಕಾಣುತ್ತವೆ. ಹೆಸರನ್ನು 'ಸಿರಿ'ಯ 'ಕುಪ್ಪೆ' ಎಂದು ಬಿಡಿಸುವ ಜನಪದ ನಿರುಕ್ತಿ ಮೂರನೆಯ ರೂಪವನ್ನು ಬೆಂಬಲಿಸುತ್ತದೆ, ಅಥವಾ ಆ ರೂಪವೇ ನಿರುಕ್ತಿಯಿಂದ ಹುಟ್ಟಿರಬಹುದು. ಸೇವೆಯ ಅಧಿಕೃತ ಶೀರ್ಷಿಕೆಯನ್ನು ತಂದು ಆಕರದ ರೂಪದ ಮೇಲೆ ಬರೆದರೆ ಈ ಪ್ರಶ್ನೆಯನ್ನು ಕೇಳುವ ಅವಕಾಶವೇ ಇಲ್ಲವಾಗುತ್ತದೆ. ಆಕರದ ರೂಪ ಒಂದು ಕಾಲಂನಲ್ಲಿ ಹಾಗೆಯೇ ಉಳಿಯಲಿ. ಹೊಂದಾಣಿಕೆಗೆ ಇನ್ನೊಂದು ಕಾಲಂ ಇರಲಿ.

6. ಕುರುಗೋಡಿಗೆ ಒಂದು ದಾಖಲೆ

ಮೇಲಿನ ವಿವೇಚನೆಯಂತೆ ಕುರುಗೋಡಿನ ದಾಖಲೆಯನ್ನು ಹೀಗೆ ಕಟ್ಟಬಹುದು. ಊರಿಗೊಂದು ಶಾಶ್ವತ ಗುರುತು. ವಿಕಿಡೇಟಾದ ಸಂಖ್ಯೆ ಇದಕ್ಕೆ ಅನುಕೂಲ, ಏಕೆಂದರೆ ಅದೇ ಪುಟದಲ್ಲಿ ಜಿಯೋನೇಮ್ಸ್ ಸಂಖ್ಯೆಯನ್ನೂ (ಪಿ1566) ಓಪನ್‌ಸ್ಟ್ರೀಟ್‌ಮ್ಯಾಪ್ ಸಂಬಂಧಸಂಖ್ಯೆಯನ್ನೂ (ಪಿ402) ಇಡಲು ಅವಕಾಶವಿದೆ. ಊರು ಬೇರೆ, ಕುರುಗೋಡು ತಾಲೂಕು ಬೇರೆ. ಎರಡಕ್ಕೂ ಎರಡು ಗುರುತು. ಊರಿನ ಮೇಲ್ಘಟಕಗಳು ಬಿಡಿಬಿಡಿ ಸಾಲುಗಳಾಗಿ ಬರುತ್ತವೆ: ಸಿಂದರ ಕಾಲದ ಶಾಸನದ ಆಧಾರದಿಂದ ಬಳ್ಳಕುಂದೆ ನಾಡು, 2011ರ ಜನಗಣತಿಯ ಆಧಾರದಿಂದ ಬಳ್ಳಾರಿ ತಾಲೂಕು, ಹೊಸ ತಾಲೂಕಿನ ಅಧಿಸೂಚನೆಯ ಆಧಾರದಿಂದ ಕುರುಗೋಡು ತಾಲೂಕು. ಪ್ರತಿ ಸಾಲಿನಲ್ಲಿಯೂ ಸಂಬಂಧದ ಬಗೆ, ಕಾಲ, ಆಕರ. ಜಿಲ್ಲೆ ರಾಜ್ಯಗಳನ್ನು ಊರಿನ ಸಾಲಿನಲ್ಲಿ ಬರೆಯುವುದೇ ಬೇಡ. ಅವು ತಾಲೂಕಿನ ದಾಖಲೆಯಿಂದ ವಿಶ್ಲೇಷಣೆಯ ಹೊತ್ತಿಗೆ, ಬೇಕಾದ ಕಾಲಕ್ಕೆ ಅನುಗುಣವಾಗಿ ಒದಗಿಬರುತ್ತವೆ. 1951ರ ಜನಗಣತಿಯೊಡನೆ ಹೋಲಿಸುವವರಿಗೆ ಸರಪಳಿಯು ಮದ್ರಾಸಿನಲ್ಲಿ ಮುಗಿಯಬೇಕು, 2011ರವರಿಗೆ ಕರ್ನಾಟಕದಲ್ಲಿ.

ಈ ಕ್ರಮಕ್ಕೂ ನಿಲುಕದ ಎರಡು ಘಟಕಗಳಿವೆ. ಮೊದಲನೆಯದು ಹೋಬಳಿ. ಕಂದಾಯ ಆಡಳಿತದಲ್ಲಿಯೂ ಜನರ ಮಾತಿನಲ್ಲಿಯೂ ತಾಲೂಕಿಗೂ ಹಳ್ಳಿಗೂ ನಡುವೆ ಹೋಬಳಿ ಇದ್ದೇ ಇದೆ. ಜನಗಣತಿಯ ಶ್ರೇಣಿಯು ಅದನ್ನು ದಾಟಿ ತಾಲೂಕಿನಿಂದ ನೇರವಾಗಿ ಗ್ರಾಮಕ್ಕೆ ಹೋಗುತ್ತದೆ. ಉಪಭಾಷಾ ಭೇದಗಳು ಎಷ್ಟೋ ಬಾರಿ ಈ ಮಟ್ಟದಲ್ಲಿಯೇ ಗೋಚರಿಸುವುದರಿಂದ ಕ್ಷೇತ್ರಕಾರ್ಯದಲ್ಲಿ ಹೋಬಳಿಯನ್ನು ಕೇಳಿ ಬರೆದುಕೊಳ್ಳುವುದು ಅಗತ್ಯ.

ಎರಡನೆಯದು ಕ್ಯಾಂಪ್. 1953ರ ಹೊತ್ತಿಗೆ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಕಾಲುವೆಯ ನೀರು ಹರಿದ ಮೇಲೆ ಆಂಧ್ರದ ಡೆಲ್ಟಾ ಜಿಲ್ಲೆಗಳ ರೈತ ಕುಟುಂಬಗಳು ಅಚ್ಚುಕಟ್ಟು ಪ್ರದೇಶಕ್ಕೆ ಬಂದು ನೆಲೆಸಿದವು. ಆ ನೆಲೆಗಳ ಹೆಸರಿನ ಕೊನೆಗೆ 'ಕ್ಯಾಂಪ್' ಸೇರಿತು. ಸಿರುಗುಪ್ಪದ ಸುತ್ತಿನಲ್ಲಿ ಅದು ಇಂದು ಹಳ್ಳಿ, ಹಾಳು, ಗುಡ್ಡಗಳಂತೆಯೇ ಒಂದು ಜೀವಂತ ವಾರ್ಗಿಕ. ಇಂಗ್ಲಿಷಿನಿಂದ ಬಂದ ಪದ, ತೆಲುಗು ಮಾತನಾಡುವ ಮನೆಗಳು, ಕನ್ನಡದ ವಿಭಕ್ತಿ: 'ಕ್ಯಾಂಪಿನ್ಯಾಗ'. ಇವುಗಳಲ್ಲಿ ಅನೇಕವು ಯಾವುದೋ ಕಂದಾಯ ಗ್ರಾಮದ ಎಲ್ಲೆಯೊಳಗಿನ ಮಜರೆಗಳಾದ್ದರಿಂದ ಅಧಿಕೃತ ಗ್ರಾಮಪಟ್ಟಿಯಲ್ಲಿ ಸ್ವತಂತ್ರ ಸಾಲು ಪಡೆಯುವುದಿಲ್ಲ. ಶ್ರೇಣಿಯನ್ನು ಪಟ್ಟಿಯಿಂದಲೇ ಕಟ್ಟಿದರೆ ಕ್ಯಾಂಪಿನ ವಕ್ತೃವಿನ ಮಾತು ಪಕ್ಕದ ಹಳೆಯ ಹಳ್ಳಿಯ ಮಾ�ತಾಗಿ ದಾಖಲಾಗುತ್ತದೆ, ಅಂದರೆ ಎರಡು ತಲೆಮಾರಿನ ಭಾಷಾ ಸಂಪರ್ಕದ ಕಥೆ ಆ ಸಾಲಿನಲ್ಲಿ ಕಾಣದಾಗುತ್ತದೆ. ಕ್ಯಾಂಪಿನ ಅಕ್ಷಾಂಶ ರೇಖಾಂಶಗಳನ್ನು ಸ್ಥಳದಲ್ಲಿಯೇ ತೆಗೆದುಕೊಂಡು, ಅದನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕನ್ನಡ ತೆಲುಗು ಎರಡೂ ಹೆಸರುಗಳೊಡನೆ ಜನವಸತಿಯ ಬಿಂದುವಾಗಿ ಸೇರಿಸಲು ಯಾವ ಅಧಿಸೂಚನೆಯೂ ಬೇಕಾಗಿಲ್ಲ. ಸಿರುಗುಪ್ಪದ ಕಡೆ ಕ್ಷೇತ್ರಕಾರ್ಯಕ್ಕೆ ಹೊರಡುವವರು ಮೊದಲ ದಿನವೇ ಮಾಡಬಹುದಾದ ಕೆಲಸ ಇದು.